ಸೂಪರ್‌ಹೀರೋ ಬಿಟ್ಟರೆ ಕಾಮಿಕ್ಸ್‌ನಲ್ಲಿ ಏನೇನಿದೆ?

14 ವರ್ಷದ ಮಗಳಿಗೆ ಸೂಪರ್‌ಹೀರೋಗಳು ಸಾಕಾಗಿವೆ, ಬೇರೆ ಕಾಮಿಕ್ಸ್ ಹೇಳಿ ಅಂತ ಕೇಳಿದ್ದೀರಿ. ಬೇಕಾದಷ್ಟಿವೆ! ಮೊದಲು ‘ಭೀಮಾಯನ’ ಕೊಡಿ. 2011ರಲ್ಲಿ ಬಂದ ಅಂಬೇಡ್ಕರ್ ಕಥೆ. ಚಿತ್ರ ಬರೆದವರು ಗೊಂಡ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್. ಅದರ ಮಾತಿನ ಗುಳ್ಳೆಗಳನ್ನೇ ನೋಡಿ: ಮೃದು ಮಾತಿಗೆ ಹಕ್ಕಿಯ ಆಕಾರ, ಚುಚ್ಚು ಮಾತಿಗೆ ಚೇಳಿನ ಬಾಲ. ಪುಟ್ಟ ಭೀಮನಿಗೆ ಶಾಲೆಯಲ್ಲಿ ನೀರು ಸಿಗದ ಭಾಗ ಓದಿ ನಾನು ತುಂಬಾ ಹೊತ್ತು ಸುಮ್ನೆ ಕೂತುಬಿಟ್ಟೆ.

ಆಮೇಲೆ ‘ಪರ್ಸೆಪೊಲಿಸ್’. ಇರಾನ್ ಕ್ರಾಂತಿಯ ಕಾಲದಲ್ಲಿ ಬೆಳೆದ ಹುಡುಗಿಯ ನೆನಪು, ಬರೀ ಕಪ್ಪು-ಬಿಳುಪಿನಲ್ಲಿ. 1992ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದ ‘ಮೌಸ್’ ಹಿಟ್ಲರನ ಕಾಲದ ಯಹೂದಿ ಹತ್ಯಾಕಾಂಡದ ಕಥೆ; ಅದರಲ್ಲಿ ಯಹೂದಿಗಳು ಇಲಿ, ಹಿಟ್ಲರನ ನಾಜಿಗಳು ಬೆಕ್ಕು. ಇವೆರಡೂ ಮನಸ್ಸಿಗೆ ಸ್ವಲ್ಪ ಭಾರವೇ, ಮೊದಲು ನೀವು ಓದಿ ಕೊಡಿ. ಜಪಾನಿನ ಕಾಮಿಕ್ಸ್ ಆದ ಮಾಂಗಾದಲ್ಲಂತೂ ಅಡುಗೆ, ಆಟ, ಪತ್ತೇದಾರಿ ಎಲ್ಲಾ ಸಿಗುತ್ತೆ. ಮಗಳಿಗೆ ಯಾವುದು ಜಾಸ್ತಿ ಇಷ್ಟ, ಹೇಳಿ.