ಯೂರೋ ಹತ್ತು ರೂಪಾಯಿ ಏರಿದರೆ ಕಾರು ಹದಿನೈದು ಲಕ್ಷ ಏರುವುದೇಕೆ?

ಪ್ರಶ್ನೆ: ಠಾಣೆಯಲ್ಲಿ ನನ್ನದೊಂದು ಹೋಟೆಲ್ ಇದೆ. ಜರ್ಮನಿಯಲ್ಲೇ ಪೂರ್ತಿ ತಯಾರಾಗಿ ಬರುವ ಕಾರೊಂದನ್ನು ಬುಕ್ ಮಾಡಿದ್ದೆ. ಗಾಡಿ ಬಂದಿದೆ, ಆದರೆ ಯೂರೋ ಏರಿತು ಅಂತ ಶೋರೂಮಿನವರು ಲಕ್ಷಗಟ್ಟಲೆ ಜಾಸ್ತಿ ಕೇಳುತ್ತಿದ್ದಾರೆ. ಟಿವಿಯಲ್ಲಿ ನೋಡಿದರೆ ಡಾಲರ್ ಅಷ್ಟೇನೂ ಏರಿಲ್ಲ. ಇದು ನಿಜವಾ, ಇಲ್ಲ ಸುಮ್ನೆ ನೆಪವಾ?
– ಓದುಗರು, ಠಾಣೆ

ಉತ್ತರ: ಯೂರೋ ಏರಿದ್ದು ನಿಜ. ಜರ್ಮನಿ ಗಾಡಿಗೆ ಡಾಲರ್ ನೋಡಿ ಪ್ರಯೋಜನವಿಲ್ಲ. 2025ರ ಶುರುವಿನಲ್ಲಿ 90 ರೂಪಾಯಿ ಆಸುಪಾಸಿನಲ್ಲಿದ್ದ ಯೂರೋ ಅದೇ ವರ್ಷ 100 ದಾಟಿತು. ಆ ವರ್ಷ ಯೂರೋ ಎದುರು ಡಾಲರೇ ಇಳಿಯಿತು, ನಮ್ಮ ರೂಪಾಯಿ ಡಾಲರಿಗಿಂತಲೂ ಕೆಳಗೆ ಜಾರಿತು, ಹಾಗಾಗಿ ಯೂರೋ ಕೊಡಬೇಕಾದವರಿಗೆ ಎರಡು ಪೆಟ್ಟು ಬಿತ್ತು.

ಈಗ ಲೆಕ್ಕಕ್ಕೆ ಬರೋಣ. ಸಾಗಣೆ, ವಿಮೆ ಎಲ್ಲ ಸೇರಿ ಗಾಡಿ ನ್ಹಾವಾ ಶೇವಾ ಬಂದರಿಗೆ ಮುಟ್ಟುವಾಗ ಅದರ ಬೆಲೆ 50,000 ಯೂರೋ ಅಂತಿಟ್ಟುಕೊಳ್ಳಿ. ಯೂರೋಗೆ 90 ಇದ್ದಾಗ 45 ಲಕ್ಷ, 100 ಆದಾಗ 50 ಲಕ್ಷ. ವ್ಯತ್ಯಾಸ ಬರೀ 5 ಲಕ್ಷ. ಆದರೆ 40,000 ಡಾಲರಿಗಿಂತ ಜಾಸ್ತಿ ಬೆಲೆಯ ಪೆಟ್ರೋಲ್, ಡೀಸೆಲ್ ಕಾರು ಇಡಿಯಾಗಿ ಬಂದರೆ, 2025ರ ಬಜೆಟ್ ಪ್ರಕಾರ ಮೂಲ ಸುಂಕ ಶೇ. 70, ಅದರ ಮೇಲೆ ಕೃಷಿ ಮೂಲಸೌಕರ್ಯದ ಸೆಸ್ ಶೇ. 40, ಒಟ್ಟು ಶೇ. 110. ಅಲ್ಲಿಗೆ 45 ಲಕ್ಷದ್ದು 94.5 ಲಕ್ಷ ಆಯಿತು, 50ರದ್ದು 105. ಇದರ ಮೇಲೆ ದೊಡ್ಡ ಗಾಡಿಗಳ ಜಿಎಸ್‌ಟಿ ಶೇ. 40. ಕೊನೆಗೆ ಸಿಗುವುದು ಒಂದು ಕಡೆ 132.3 ಲಕ್ಷ, ಇನ್ನೊಂದು ಕಡೆ 147 ಲಕ್ಷ. ಶೋರೂಮಿನ ಲಾಭ ಇನ್ನೂ ಸೇರಿಸಿಲ್ಲ. 5 ಲಕ್ಷದ ವ್ಯತ್ಯಾಸ 14.7 ಲಕ್ಷ ಆಗಿಹೋಯಿತು! ಇದರಲ್ಲಿ ಜರ್ಮನಿಗೆ ಹೋಗುವುದು 5 ಲಕ್ಷ, ಉಳಿದ 9.7 ಲಕ್ಷ ಸರ್ಕಾರದ ಖಜಾನೆಗೆ. ಅದೇ ಗಾಡಿ, ಅದೇ ಇಂಜಿನ್, ರೂಪಾಯಿ ಇಳಿದಿದ್ದಕ್ಕೆ ನಾವು ತೆರಿಗೆಯನ್ನೂ ಜಾಸ್ತಿ ಕಟ್ಟಬೇಕು. ನನಗೆ ಇದು ಸರಿ ಅನಿಸುವುದಿಲ್ಲ. ಮಹಾರಾಷ್ಟ್ರದಲ್ಲಿ ಆಮದು ಕಾರಿಗೆ ರಸ್ತೆ ತೆರಿಗೆ ಬೇರೆ ಶೇ. 20 ಇದೆ, ಅದೂ ಈ ಏರಿದ ಬೆಲೆಯ ಮೇಲೆಯೇ.

ಆದರೆ ನಿಮ್ಮ ಗಾಡಿ ಆಗಲೇ ಬಂದಿದೆ ಅಂದಿರಲ್ಲ, ಅಲ್ಲೇ ನೀವು ಪ್ರಶ್ನೆ ಕೇಳಬೇಕು. ಸುಂಕದ ಲೆಕ್ಕಕ್ಕೆ ಕಸ್ಟಮ್ಸ್‌ನವರು ತಿಂಗಳಿಗೆ ಎರಡು ಸಲ ವಿನಿಮಯ ದರ ಪ್ರಕಟಿಸುತ್ತಾರೆ. ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಮಾಡಿದವರು ಸರಕಿನ ವಿವರ ಬರೆದು ಕಸ್ಟಮ್ಸ್‌ಗೆ ಕೊಡುವ ಕಾಗದ, ಸಲ್ಲಿಸಿದ ದಿನ ಯಾವ ದರ ಇತ್ತೋ ಆ ಗಾಡಿಗೆ ಅದೇ ದರ. ಆಮೇಲೆ ಯೂರೋ ಎಷ್ಟೇ ಏರಲಿ, ಆ ಗಾಡಿಯ ಸುಂಕದ ಲೆಕ್ಕಕ್ಕೆ ಅದು ತಟ್ಟುವುದಿಲ್ಲ. ಕಂಪನಿ ಜರ್ಮನಿಗೆ ದುಡ್ಡು ಕಟ್ಟುವುದು ಕೆಲವು ತಿಂಗಳು ಬಿಟ್ಟು ಅಂತಾದರೆ ಆ 5 ಲಕ್ಷದ ಭಾಗದಲ್ಲಿ ನಷ್ಟ ಆಗಬಹುದು, ಆದರೆ ದೊಡ್ಡ ಕಂಪನಿಗಳು ಬ್ಯಾಂಕಿನ ಜೊತೆ ಮೊದಲೇ ದರ ಗೊತ್ತು ಮಾಡಿಕೊಳ್ಳುವ ವಾಡಿಕೆ ಇದೆ. ಹಾಗಾಗಿ ಬಾನೆಟ್ ತೆಗೆಸಿ, ಚಾಸಿ ನಂಬರ್ ಮತ್ತು ತಯಾರಾದ ತಿಂಗಳು ಬರೆದುಕೊಳ್ಳಿ, ಗಾಡಿ ಬಂದರಿಗೆ ಯಾವಾಗ ಬಂತು ಅಂತ ಕೇಳಿ. ಯೂರೋ ಏರುವ ಮೊದಲೇ ಸುಂಕ ಕಟ್ಟಿದ್ದರೆ ಬೆಲೆ ಏಕೆ ಏರಿತು ಅಂತ ನೇರವಾಗಿ ಕೇಳಬಹುದು. ಚೌಕಾಶಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಬುಕಿಂಗ್ ಫಾರ್ಮಿನ ಹಿಂಬದಿಯನ್ನೂ ಓದಿ. ಸಾಮಾನ್ಯವಾಗಿ ‘ಡೆಲಿವರಿ ದಿನದ ಬೆಲೆಯೇ ಅನ್ವಯ’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದಕ್ಕೆ ಸಹಿ ಹಾಕಿದ್ದರೆ ಕಾನೂನಿನ ದಾರಿ ಕಷ್ಟ, ಮಾತಿನ ದಾರಿಯೇ ಗತಿ. ಬೆಲೆ ಬದಲಾಗದು ಅಂತ ಇಮೇಲಿನಲ್ಲಿ ಬರೆದುಕೊಟ್ಟಿದ್ದರೆ ಅದನ್ನು ಮುಂದಿಡಿ, ಬಿಡಬೇಡಿ.

ಪ್ರಶ್ನೆ: ಮರ್ಸಿಡಿಸ್ ಗಾಡಿಗಳು ನಮ್ಮ ಪುಣೆ ಹತ್ತಿರದ ಚಾಕಣದಲ್ಲೇ ತಯಾರಾಗುತ್ತವೆ. ಅವಕ್ಕೂ ಯೂರೋ ಕಾರಣ ಕೊಟ್ಟು ಬೆಲೆ ಏರಿಸುವುದು ಯಾವ ನ್ಯಾಯ?
– ಓದುಗರು, ಪಿಂಪ್ರಿ

ಉತ್ತರ: ಜೋಡಣೆ ಚಾಕಣದಲ್ಲಿ, ಆದರೆ ಇಂಜಿನ್, ಗೇರ್‌ಬಾಕ್ಸ್ ಸೇರಿ ಎಷ್ಟೋ ಭಾಗ ಹೊರಗಿನಿಂದಲೇ ಬರುತ್ತದೆ, ಅದಕ್ಕೆ ಯೂರೋದಲ್ಲೇ ದುಡ್ಡು. ಇಂಜಿನ್, ಗೇರ್‌ಬಾಕ್ಸ್ ಕೂಡ ಮೊದಲೇ ಜೋಡಿಸದೆ ಬಿಡಿಬಿಡಿಯಾಗಿ ಕಿಟ್ ರೂಪದಲ್ಲಿ ಬಂದರೆ ಮೂಲ ಸುಂಕ ಶೇ. 15 ಮಾತ್ರ. ಹಾಗಾಗಿ ಏಟು ಇದ್ದೇ ಇರುತ್ತದೆ, ಆದರೆ ಸಣ್ಣದು. ಇಡೀ ಕಾರು ತಂದಷ್ಟೇ ಏರಿಕೆ ಇಲ್ಲಿ ಜೋಡಿಸಿದ ಗಾಡಿಗೂ ಕೇಳಿದರೆ ಒಪ್ಪಬೇಡಿ. ವಿನಿಮಯ ದರಕ್ಕಿಂತ ಸುಂಕದ ತೂಕ ಜಾಸ್ತಿ ಅನ್ನುವುದಕ್ಕೆ ಬ್ರಿಟನ್ನಿನ ರೇಂಜ್ ರೋವರ್ ನೋಡಿ. 2024ರಲ್ಲಿ ಅದರ ಜೋಡಣೆ ಪುಣೆಯಲ್ಲಿ ಶುರುವಾದಾಗ ಬೆಲೆ ಸುಮಾರು ಐದನೇ ಒಂದು ಭಾಗ ಇಳಿಯಿತು. ಆಗ ಪೌಂಡೇನೂ ಕುಸಿದಿರಲಿಲ್ಲ.

ಪ್ರಶ್ನೆ: 2024ರಲ್ಲಿ ಯೆನ್ ಅಷ್ಟು ಬಿದ್ದರೂ ಜಪಾನಿನ ಆಮದು ಕಾರುಗಳು ಅಗ್ಗವಾಗಲಿಲ್ಲವಲ್ಲ?
– ಓದುಗರು, ಮಡಗಾಂವ್

ಉತ್ತರ: ಆ ಜುಲೈನಲ್ಲಿ ಡಾಲರಿಗೆ 160 ಯೆನ್ ದಾಟಿತ್ತು, ನಿಜ. ಆದರೆ ಕಂಪನಿಯವರು ಭಾರತಕ್ಕೆ ಯಾವ ಕರೆನ್ಸಿಯಲ್ಲಿ ಬಿಲ್ ಹಾಕುತ್ತಾರೆ ಅನ್ನುವುದು ಅವರವರ ಒಪ್ಪಂದ. ಡಾಲರ್ ಬಿಲ್ ಆದರೆ ಯೆನ್ ಬಿದ್ದ ಲಾಭ ಜಪಾನಿನಲ್ಲೇ ಉಳಿಯುತ್ತದೆ. ವೇಟಿಂಗ್ ಲಿಸ್ಟ್ ಉದ್ದ ಇರುವ ಗಾಡಿಯ ಬೆಲೆಯನ್ನು ಯಾರೂ ತಾವಾಗಿ ಇಳಿಸುವುದೂ ಇಲ್ಲ. ಇಳಿಸಿ ಅಂತ ಕೇಳುವ ಬದಲು ವಿಮೆ, ಹೆಚ್ಚುವರಿ ವಾರಂಟಿಯಲ್ಲಿ ಬಿಡಿಸಿಕೊಳ್ಳಿ, ಅಲ್ಲಿ ಶೋರೂಮಿನವರ ಕೈಯಲ್ಲಿ ಸ್ವಲ್ಪ ಜಾಗ ಇರುತ್ತದೆ.