ಕಾರಿನ ಹೀಟರ್ ಫ್ಯಾನ್ 4ನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ, ಮನೆಯಲ್ಲೇ ರಿಪೇರಿ ಮಾಡಬಹುದೇ?

ಖಂಡಿತ ಮಾಡಬಹುದು. ಗ್ಯಾರೇಜಿನವರು ಫ್ಯಾನ್ ತಿರುಗಿಸುವ ಬ್ಲೋವರ್ ಮೋಟಾರನ್ನೇ ಬದಲಿಸಬೇಕು ಎಂದಿದ್ದಾರೆ ಅಂತ ಬರೆದಿದ್ದೀರಿ. ಹಣ ಕೊಟ್ಟಿಲ್ಲದಿದ್ದರೆ ಸ್ವಲ್ಪ ತಡೆಯಿರಿ. 1, 2, 3ಕ್ಕೆ ಇಟ್ಟರೆ ಗಾಳಿಯೇ ಇಲ್ಲ, 4ಕ್ಕೆ ಇಟ್ಟರೆ ಜೋರಾಗಿ ಬರುತ್ತದೆ ಅಂದರೆ ಮೋಟಾರ್ ತಿರುಗುತ್ತಿದೆ ಅಲ್ವಾ? ಹೋಗಿರುವುದು ಬಹುತೇಕ ಬ್ಲೋವರ್ ರೆಸಿಸ್ಟರ್.

ಕಡಿಮೆ ಸ್ಪೀಡಿನಲ್ಲಿ ಕರೆಂಟು ಈ ರೆಸಿಸ್ಟರಿನ ಸುರುಳಿ ತಂತಿಗಳನ್ನು ದಾಟಿ ಮೋಟಾರಿಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುವುದರಿಂದ ಫ್ಯಾನ್ ನಿಧಾನವಾಗುತ್ತದೆ. 4ಕ್ಕೆ ಇಟ್ಟಾಗ ಮಾತ್ರ ರೆಸಿಸ್ಟರನ್ನು ಬಿಟ್ಟು ನೇರವಾಗಿ ಹೋಗುತ್ತದೆ. ರೆಸಿಸ್ಟರ್ ತೀರಾ ಬಿಸಿಯಾದರೆ ಅದರಲ್ಲಿರುವ ಚಿಕ್ಕ ಥರ್ಮಲ್ ಫ್ಯೂಸ್ ಕಡಿದುಹೋಗುತ್ತದೆ.

ನಮ್ಮ ಮನೆ ಸಕಲೇಶಪುರದ ಹತ್ತಿರ. ನನ್ನ ಹಳೆಯ ಕಾರಿಗೂ ಒಂದು ಡಿಸೆಂಬರಿನಲ್ಲಿ ಹೀಗೇ ಆಯಿತು. 4ಕ್ಕೆ ಇಟ್ಟರೆ ಆ ಸದ್ದಿಗೆ ಮಾತು ಕೇಳಿಸದು, ಆಫ್ ಮಾಡಿದರೆ ಮುಂದಿನ ಗ್ಲಾಸಿಗೆ ಒಳಗಿನಿಂದ ಮಂಜು. ಬೆಳಗಿನ ಜಾವ ಅಮ್ಮ ಪಕ್ಕದಲ್ಲಿ ಕೂತು ಸೆರಗಿನಿಂದ ಗ್ಲಾಸ್ ಒರೆಸುತ್ತಿದ್ದರು. ನಿಮ್ಮ ಮಡಿಕೇರಿಯ ಚಳಿಯಲ್ಲಿ ಇದು ಸುಮ್ನೆ ಬಿಡುವ ವಿಷಯವಲ್ಲ.

ಮೊದಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಏರ್‌ಬ್ಯಾಗ್ ಇದ್ದರೆ ಸ್ವಲ್ಪ ಹೊತ್ತು ಕಾಯಿರಿ, ಹಳದಿ ಬಣ್ಣದ ವೈರು, ಕನೆಕ್ಟರ್‌ಗಳನ್ನು ಮುಟ್ಟಲೇಬೇಡಿ. ಆಮೇಲೆ ಎಡಗಡೆಯ ಗ್ಲೋವ್ ಬಾಕ್ಸ್ ಇಳಿಸಿ. ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಅದರ ಹಿಂದೆ ಬ್ಲೋವರಿನ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದಕ್ಕೆ ಎರಡು ಸ್ಕ್ರೂ ಹಾಕಿ ಕೂರಿಸಿದ, ಮೂರು ನಾಲ್ಕು ವೈರಿನ ಕನೆಕ್ಟರ್ ಇರುವ ಚಿಕ್ಕ ಭಾಗವೇ ರೆಸಿಸ್ಟರ್. ಫ್ಯಾನಿನ ಗಾಳಿಯೇ ಅದನ್ನು ತಂಪಾಗಿಡಬೇಕು, ಅದಕ್ಕೇ ಅದನ್ನು ಗಾಳಿಯ ದಾರಿಯಲ್ಲಿ ಇಟ್ಟಿರುತ್ತಾರೆ.

ಕನೆಕ್ಟರಿನ ಲಾಕ್ ಒತ್ತಿ ಎಳೆಯಿರಿ, ವೈರು ಹಿಡಿದು ಜಗ್ಗಬೇಡಿ. ಸ್ಕ್ರೂ ಬಿಚ್ಚಿದರೆ ರೆಸಿಸ್ಟರ್ ಹೊರಗೆ ಬರುತ್ತದೆ. ಅದನ್ನೇ ಅಂಗಡಿಗೆ ಒಯ್ದು ತೋರಿಸಿ, ಪಿನ್‌ಗಳು ಒಂದೇ ಥರ ಇರುವುದನ್ನು ತೆಗೆದುಕೊಳ್ಳಿ. ಹೊಸ ಮೋಟಾರಿಗಿಂತ ತುಂಬಾ ಕಡಿಮೆಗೆ ಸಿಗುತ್ತದೆ. ಕೂರಿಸುವುದು ಹತ್ತು ನಿಮಿಷದ ಕೆಲಸ. ಆಟೋಮ್ಯಾಟಿಕ್ ಎಸಿ ಇರುವ ಕಾರುಗಳಲ್ಲಿ ಈ ಜಾಗದಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅದರ ಕಥೆ ಬೇರೆ.

ಹಾಕುವ ಮುಂಚೆ ಹಳೆಯದು ಯಾಕೆ ಸುಟ್ಟಿತು ಅಂತ ನೋಡಲೇಬೇಕು. ನಾನು ರೆಸಿಸ್ಟರ್ ತೆಗೆದ ಕಿಂಡಿಗೆ ಬೆರಳು ಹಾಕಿದರೆ ಒಂದು ಹಿಡಿ ಒಣಗಿದ ಸಿಲ್ವರ್ ಓಕ್ ಎಲೆ ಬಂತು. ತೋಟದ ಮರದ ಕೆಳಗೆ ಕಾರು ನಿಲ್ಲಿಸುತ್ತಿದ್ದೆ, ವೈಪರಿನ ಕೆಳಗಿನ ಜಾಲರಿಯಿಂದ ಎಲೆಗಳು ಒಳಗೆ ಇಳಿದಿದ್ದವು. ರೆಸಿಸ್ಟರಿನ ಒಂದು ಸುರುಳಿಗೆ ಎಲೆಚೂರು ಅಂಟಿಕೊಂಡು ಕರಕಲಾಗಿತ್ತು. ಗಾಳಿ ತಾಗದೆ ಬಿಸಿ ಏರಿತ್ತು. ನಿಮ್ಮ ಕಾರಿಗೆ ಕ್ಯಾಬಿನ್ ಫಿಲ್ಟರ್ (ಒಳಗೆ ಬರುವ ಗಾಳಿಯ ಧೂಳು ತಡೆಯುವ ಫಿಲ್ಟರ್) ಇದ್ದರೆ ಅದನ್ನೂ ಬಿಚ್ಚಿ ನೋಡಿ, ಕಟ್ಟಿಕೊಂಡಿದ್ದರೆ ಬದಲಿಸಿ. ಮೋಟಾರಿನ ಫ್ಯಾನನ್ನು ಕೈಯಿಂದ ತಿರುಗಿಸಿ. ಹಗುರವಾಗಿ ತಿರುಗಬೇಕು. ಬಿಗಿಯಾಗಿದ್ದರೆ ಅಥವಾ ಕಿರ್ ಎಂದರೆ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಹೊಸ ರೆಸಿಸ್ಟರೂ ಉಳಿಯುವುದಿಲ್ಲ. ಆಗ ಗ್ಯಾರೇಜಿನವರ ಮಾತೇ ಸರಿ, ಎರಡನ್ನೂ ಬದಲಿಸಿ.

ಕಡಿದ ಫ್ಯೂಸಿಗೆ ವೈರು ಸುತ್ತಿ ನೇರ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ ಅನ್ನಿ. ಆ ಫ್ಯೂಸ್ ಇರುವುದೇ ಬೆಂಕಿ ಹತ್ತದಿರಲಿ ಅಂತ. ಒಣ ಎಲೆ ಪಕ್ಕದಲ್ಲೇ ಇರುತ್ತದೆ, ಯೋಚಿಸಿ.

ಕನೆಕ್ಟರಿನ ಪ್ಲಾಸ್ಟಿಕ್ ಕರಗಿದ್ದರೆ ಹೊಸ ರೆಸಿಸ್ಟರನ್ನು ಅದಕ್ಕೇ ಚುಚ್ಚಬೇಡಿ, ಕನೆಕ್ಟರನ್ನೂ ಬದಲಿಸಬೇಕಾಗುತ್ತದೆ. ಬಿಚ್ಚಿದ ಮೇಲೆ ಒಂದು ಫೋಟೋ ಹಾಕಿ, ನೋಡಿ ಹೇಳುತ್ತೇನೆ.