ವೈದ್ಯರಿಗೆ ನಿಮ್ಮ ಪ್ರಶ್ನೆ: ತಲೆಗೆ ಪೆಟ್ಟು, ಕೈಯಲ್ಲಿ ಅಸಿಟ್ರೋಮ್ ಮಾತ್ರೆ

ಪ್ರಶ್ನೆ: ನನ್ನ ಅತ್ತೆಗೆ 68 ವರ್ಷ. ಒಂಬತ್ತು ವರ್ಷಗಳ ಹಿಂದೆ ಹೃದಯದ ಮೈಟ್ರಲ್ ಕವಾಟ ತೆಗೆದು ಲೋಹದ ಕವಾಟ ಕೂರಿಸಿದ್ದಾರೆ. ಅಂದಿನಿಂದ ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಸಂಜೆ ಅಸಿಟ್ರೋಮ್ ತೆಗೆದುಕೊಳ್ಳುತ್ತಾರೆ. ಕಳೆದ ಭಾನುವಾರ ಬಚ್ಚಲಿನಲ್ಲಿ ಕಾಲು ಜಾರಿ, ಹಂಡೆಯ ಒಲೆಕಟ್ಟೆಗೆ ತಲೆ ತಗುಲಿತು. ರಕ್ತ ಬರಲಿಲ್ಲ, ಪ್ರಜ್ಞೆ ತಪ್ಪಲಿಲ್ಲ, ನೆಲ್ಲಿಕಾಯಿ ಗಾತ್ರದ ಬುಗುಟು ಎದ್ದಿತು ಅಷ್ಟೆ. ಮಾರನೆಯ ದಿನ ಎಂದಿನಂತೆ ಅವರೇ ದೋಸೆ ಎರೆದರು. ಆದರೆ ಪಕ್ಕದ ಮನೆಯವರು, ‘ಅದು ಇಲಿ ಪಾಷಾಣದ ಮಾತ್ರೆ, ತಲೆಯೊಳಗೆ ರಕ್ತ ಹರಿದಿದ್ದರೂ ಗೊತ್ತಾಗುವುದಿಲ್ಲ, ಮೊದಲು ಅದನ್ನು ನಿಲ್ಲಿಸಿ’ ಎಂದು ಹೆದರಿಸಿದ್ದಾರೆ. ಮೆದುಳಿನ ರಕ್ತಸ್ರಾವವನ್ನು ಮನೆಯವರು ಗುರುತಿಸುವುದು ಹೇಗೆ? ಮಾತ್ರೆ ನಿಲ್ಲಿಸಬಹುದೇ?
– ಒಬ್ಬ ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ಪತ್ರದ ಕೊನೆಯಲ್ಲಿ ಫೋನ್ ನಂಬರ್ ಬರೆದಿದ್ದಿರಿ, ಪುಣ್ಯ. ಇಂಥ ಪ್ರಶ್ನೆಗೆ ಪತ್ರಿಕೆಯಲ್ಲಿ ಉತ್ತರ ಅಚ್ಚಾಗುವವರೆಗೆ ಕಾಯಲಾಗದು. ಅಂದೇ ಕರೆ ಮಾಡಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದೆ. ‘ಆರಾಮಾಗಿದ್ದಾರಲ್ಲ, ಒಂದು ದಿನದ ಕೆಲಸ ಕೆಡುತ್ತದೆ’ ಎಂದು ನಿಮ್ಮ ಯಜಮಾನರು ಗೊಣಗಿದ್ದು ನನಗೂ ಕೇಳಿಸಿತು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲವೆಂದು ನೀವು ತಿಳಿಸಿದ ಮೇಲೆ ನಿದ್ದೆ ಬಂತು. ಉಳಿದ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ; ನೀವೂ ಓದಿ, ಏಕೆಂದರೆ ನಿಮ್ಮ ಕಾವಲು ಇನ್ನೂ ಮುಗಿದಿಲ್ಲ.

ಮೊದಲು ಪಕ್ಕದ ಮನೆಯವರ ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳ ಹುಲ್ಲುಗಾವಲಿನಲ್ಲಿ ಬೂಷ್ಟು ಹಿಡಿದ ಒಂದು ಜಾತಿಯ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ, ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಅಲ್ಲಿನ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯಕ್ಕೆ ತಂದ. ಆ ಹುಡುಕಾಟದಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿಯೇ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ ಮನುಷ್ಯರಿಗೂ ಔಷಧವಾಯಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕೊಟ್ಟರು. ಅಸಿಟ್ರೋಮ್ ಅದೇ ಬಳಗದ್ದು. ಇಲಿಗೆ ವಿಷವಾಗುವುದು ಪ್ರಮಾಣದಿಂದ. ನಿಮ್ಮ ಅತ್ತೆಗೆ ಪ್ರಮಾಣವನ್ನು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐ.ಎನ್.ಆರ್. ಪರೀಕ್ಷೆ ಮಾಡಿ ಅಳೆದು ಕೊಡುತ್ತಾರೆ. ಮಾತ್ರೆ ತೆಗೆದುಕೊಳ್ಳದವರಲ್ಲಿ ಈ ಅಂಕಿ 1ರ ಆಸುಪಾಸಿನಲ್ಲಿರುತ್ತದೆ. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಇರುವವರಿಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇಡಲು ನೋಡುತ್ತೇವೆ. ‘ರಕ್ತ ತೆಳು ಮಾಡುವ ಮಾತ್ರೆ’ ಎಂದು ನಾವೆಲ್ಲ ಹೇಳುತ್ತೇವೆ, ಆದರೆ ರಕ್ತ ತೆಳುವಾಗುವುದಿಲ್ಲ. ಹೆಪ್ಪುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ.

ಆದ್ದರಿಂದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದರೆ ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಕವಾಟವೇ ಸಿಕ್ಕಿಹಾಕಿಕೊಳ್ಳಬಹುದು, ಅಥವಾ ಆ ಹೆಪ್ಪು ಹಾರಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ರಾತ್ರಿ ನಿಶ್ಶಬ್ದದಲ್ಲಿ ಅತ್ತೆಯ ಎದೆಯಿಂದ ಗಡಿಯಾರದಂತೆ ಟಿಕ್ ಟಿಕ್ ಕೇಳುತ್ತದಲ್ಲ? ಆ ಸದ್ದು ಇದ್ದಕ್ಕಿದ್ದಂತೆ ಮಂದವಾದರೆ ಅದೂ ಆಸ್ಪತ್ರೆಗೆ ಓಡಬೇಕಾದ ಸಂಗತಿಯೇ. ಪೆಟ್ಟು ಬಿದ್ದ ದಿನ ಸಂಜೆಯ ಮಾತ್ರೆ ಕೊಡಬೇಕೋ ಬೇಡವೋ ಎಂಬುದನ್ನು ಸ್ಕ್ಯಾನ್ ನೋಡಿದ ವೈದ್ಯರು ಹೇಳಲಿ.

ಇನ್ನು ಲಕ್ಷಣಗಳು. ಕೆಲವು ಯಾರ ಕಣ್ಣಿಗೂ ತಪ್ಪದಂತೆ ಬರುತ್ತವೆ: ಹಿಂದೆಂದೂ ಕಾಣದಂಥ ತಲೆನೋವು ಸಿಡಿಲಿನಂತೆ ಎರಗುವುದು, ತಲೆನೋವಿನ ಜೊತೆ ವಾಂತಿ, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ಎಬ್ಬಿಸಿದರೂ ಎಚ್ಚರವಾಗದ ನಿದ್ದೆ. ಇವುಗಳಲ್ಲಿ ಒಂದೇ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಇನ್ನೊಂದಕ್ಕಾಗಿ ಕಾಯಬೇಡಿ. ನುಂಗಲು ಆಗುತ್ತದೆಯೋ ಇಲ್ಲವೋ ತಿಳಿಯದ ಕಾರಣ ಬಾಯಿಗೆ ನೀರು, ಕಾಫಿ, ಕಷಾಯ ಏನೂ ಹಾಕಬೇಡಿ. ಪಾರ್ಶ್ವವಾಯು ಎಂದುಕೊಂಡು ಆಸ್ಪಿರಿನ್ ಕೊಡುವವರಿದ್ದಾರೆ. ಅದಂತೂ ಬೇಡವೇ ಬೇಡ. ಹೆಪ್ಪು ಕಟ್ಟಿದೆಯೋ ರಕ್ತ ಸೋರಿದೆಯೋ ಎಂದು ಹೊರಗಿನಿಂದ ನೋಡಿ ಹೇಳಲು ನನಗೂ ಬರುವುದಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿಯೇ ತಿಳಿಯಬೇಕು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆ. ಸದ್ದಿಲ್ಲದೆ ಬರುವಂಥದ್ದು. ಅದನ್ನು ಹೇಳಲು ನನ್ನ ಮಾನವನ್ನೇ ಸ್ವಲ್ಪ ಕಳೆದುಕೊಳ್ಳಬೇಕು.

ನನ್ನ ಮಾವನವರಿಗೆ ಆಗ 81. ಹೃದಯದ ಬಡಿತ ಏರುಪೇರಾಗುವ ತೊಂದರೆಗೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ದೀಪಾವಳಿಗೆ ಹಿತ್ತಾಳೆ ದೀಪ ಇಳಿಸಲು ಅಟ್ಟ ಹತ್ತಿದವರು ತೊಲೆಗೆ ತಲೆ ಬಡಿಸಿಕೊಂಡರು. ‘ಅಯ್ಯೋ, ನೂರು ಸಲ ಬಡಿದ ತೊಲೆ’ ಎಂದು ನಕ್ಕರು, ನಾವೂ ಮರೆತೆವು. ನಾಲ್ಕು ವಾರ ಕಳೆದಿರಬಹುದು, ಒಂದು ಮಧ್ಯಾಹ್ನ ಕವಳ ಹಾಕುವಾಗ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮತ್ತೆ ಸುಣ್ಣ ಹಚ್ಚಿದರು. ಬಾಯಿ ಸುಟ್ಟುಕೊಂಡರು. ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ಹೇಳಿ ನಾನೇ ಮೊದಲು ನಕ್ಕವಳು. ಆ ವಾರವೆಲ್ಲ ಮಧ್ಯಾಹ್ನದ ನಿದ್ದೆ ಸಂಜೆಯವರೆಗೆ ಎಳೆಯುತ್ತಿತ್ತು, ಚಳಿಗಾಲವಲ್ಲವೇ ಎಂದುಕೊಂಡೆ. ಸಣ್ಣ ತಲೆನೋವಿಗೆ ಅವರು ಅಮೃತಾಂಜನ ಹಚ್ಚಿಕೊಳ್ಳುತ್ತಿದ್ದುದು ನನ್ನ ಮೂಗಿಗೆ ತಿಳಿಯಿತೇ ಹೊರತು ತಲೆಗೆ ಹೋಗಲಿಲ್ಲ. ಕೊನೆಗೆ ಅದನ್ನು ಹಿಡಿದವಳು ಕೊಟ್ಟಿಗೆ ಕೆಲಸದ ಹೆಂಗಸು. ‘ಅಮ್ಮಾ, ಅಯ್ಯನವರ ಎಡಗಾಲಿನ ಚಪ್ಪಲಿ ಅಂಗಳದಲ್ಲೇ ಬಿದ್ದಿದೆ, ಅವರು ಒಂದೇ ಚಪ್ಪಲಿಯಲ್ಲಿ ತೋಟಕ್ಕೆ ಹೋದರು’ ಎಂದಳು. ಎಡಗಾಲಿನಿಂದ ಚಪ್ಪಲಿ ಕಳಚಿದ್ದು ಅವರ ಅರಿವಿಗೇ ಬಂದಿರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದ ನಾನು ಅಂಗಳದಲ್ಲಿ ಆ ಚಪ್ಪಲಿ ಹಿಡಿದು ನಿಂತೆ.

ಸ್ಕ್ಯಾನಿನಲ್ಲಿ ತಲೆಬುರುಡೆಯ ಬಲಭಾಗದ ಒಳಗೆ, ತದಿಗೆಯ ಚಂದ್ರನ ಆಕಾರದಲ್ಲಿ ರಕ್ತ ನಿಂತು ಮೆದುಳನ್ನು ಒತ್ತಿತ್ತು. ಇದನ್ನು ಸಬ್‌ಡ್ಯೂರಲ್ ಎನ್ನುತ್ತೇವೆ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಅಟ್ಟದಲ್ಲಿ ಒಣಗಿಸಿದ ತೆಂಗಿನಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡುತ್ತದಲ್ಲ, ಆ ತರಹ ಎಂದುಕೊಳ್ಳಿ. ಮೆದುಳಿನಿಂದ ಹೊದಿಕೆಗೆ ಹೋಗುವ ತೆಳ್ಳನೆಯ ರಕ್ತನಾಳಗಳು ಆಗ ಎಳೆದು ಕಟ್ಟಿದಂತಿರುತ್ತವೆ. ಸಣ್ಣ ಪೆಟ್ಟಿಗೂ ಒಂದು ಹರಿಯುತ್ತದೆ, ಮಳೆಗಾಲದ ಧರೆಯಂತೆ ಮೆಲ್ಲನೆ ಒಸರುತ್ತದೆ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಆ ಒಸರು ಬೇಗ ನಿಲ್ಲುವುದಿಲ್ಲ. ಕುಗ್ಗಿದ ಮೆದುಳಿನ ಸುತ್ತ ಜಾಗವಿರುವುದರಿಂದ ವಾರಗಟ್ಟಲೆ ಏನೂ ಗೊತ್ತಾಗುವುದಿಲ್ಲ. ರಕ್ತ ಬಲಗಡೆ ಇದ್ದರೆ ಸೋಲುವುದು ಹೆಚ್ಚಾಗಿ ಎಡಗೈ, ಎಡಗಾಲು.

ಮಾವನವರಿಗೆ ವಿಟಮಿನ್ ಕೆ ಚುಚ್ಚುಮದ್ದು, ಪ್ಲಾಸ್ಮಾ ಕೊಟ್ಟು ಮಾತ್ರೆಯ ಪ್ರಭಾವ ಇಳಿಸಿದರು. ಬಳಿಕ ಬುರುಡೆಗೆ ಎರಡು ಸಣ್ಣ ರಂಧ್ರ ಕೊರೆದು ಜೋನಿ ಬೆಲ್ಲದ ಬಣ್ಣದ ಹಳೆಯ ರಕ್ತವನ್ನು ಹೊರತೆಗೆದರು. ಒಂಬತ್ತನೆಯ ದಿನ ಮನೆಗೆ ಬಂದು, ಆಸ್ಪತ್ರೆಯಲ್ಲಿ ಕವಳಕ್ಕೆ ಬಿಡಲಿಲ್ಲವೆಂದು ನನ್ನ ಮೇಲೆ ಸಿಟ್ಟಾದರು.

ಹಾಗಾಗಿ ಅತ್ತೆಯ ಸ್ಕ್ಯಾನ್ ಸರಿಯಿದ್ದರೂ ಇನ್ನು ಎರಡು ಮೂರು ತಿಂಗಳು ನೀವು ಗಮನಿಸಬೇಕಾದದ್ದು ಇಂಥವನ್ನು: ದಿನ ಕಳೆದಂತೆ ಏರುವ ತಲೆನೋವು, ಹೊತ್ತಲ್ಲದ ಹೊತ್ತಿನ ನಿದ್ದೆ, ನಡಿಗೆಯಲ್ಲಿ ಓಲಾಟ, ದೋಸೆ ಎರೆಯುವ ಕೈ ತಡವರಿಸುವುದು, ಸೀರೆಯ ನೆರಿಗೆ ಹಿಡಿಯಲು ಬಾರದಿರುವುದು, ಮೃದು ಸ್ವಭಾವದವರು ಸಿಡುಕುವುದು, ಸಿಡುಕಿನವರು ಮೌನವಾಗುವುದು. ಅವರ ರೂಢಿ ನಿಮಗೆ ಗೊತ್ತಿರುವಷ್ಟು ಯಾವ ವೈದ್ಯರಿಗೂ ಗೊತ್ತಿರುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಬಿ.ಪಿ., ಸಕ್ಕರೆ ಎಂದು ಶುರು ಮಾಡುವ ಮೊದಲು ‘ಅಸಿಟ್ರೋಮ್ ತೆಗೆದುಕೊಳ್ಳುತ್ತಾರೆ, ಇಂಥ ದಿನ ತಲೆಗೆ ಪೆಟ್ಟು ಬಿದ್ದಿದೆ’ ಎಂದು ಹೇಳಿ. ಮಾತ್ರೆಯ ಖಾಲಿ ಹಾಳೆ ಮತ್ತು ಕೊನೆಯ ಐ.ಎನ್.ಆರ್. ಚೀಟಿ ಅವರ ಪರ್ಸಿನಲ್ಲಿರಲಿ. ಐ.ಎನ್.ಆರ್. ಸರಿಯಾಗಿದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಅಂಕಿ ಸರಿಯಿರುವಾಗಲೂ ರಕ್ತಸ್ರಾವವಾಗುತ್ತದೆ.

ಬಚ್ಚಲಿಗೆ ಒರಟು ಕಲ್ಲು ಹಾಸಿ. ಮಂಡಿನೋವಿಗೆಂದು ಡೈಕ್ಲೋಫೆನಾಕ್, ಭೇದಿಗೆಂದು ಮೆಟ್ರೊನಿಡಜೋಲ್ ಅಂಗಡಿಯಿಂದ ತಂದು ಕೊಡಬೇಡಿ, ಎರಡೂ ಈ ಮಾತ್ರೆಯ ಜೊತೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಸೊಪ್ಪು ತಿನ್ನಬಾರದೆಂದು ಯಾರೋ ಹೇಳಿದ್ದಾರೆ ಎಂದಿದ್ದಿರಿ. ತಿನ್ನಲಿ, ಆದರೆ ಸೊಪ್ಪಿನ ವಿಟಮಿನ್ ಕೆ ಮಾತ್ರೆಯ ಪ್ರಭಾವ ತಗ್ಗಿಸುವುದರಿಂದ ಒಂದು ವಾರ ಬರೀ ಬಸಳೆ, ನುಗ್ಗೆ, ಮುಂದಿನ ವಾರ ಏನೂ ಇಲ್ಲ ಎಂಬಂತಾಗದಿರಲಿ.

ಪ್ರಶ್ನೆ: ಕಳೆದ ವರ್ಷ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದಿರಲೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ತೆಗೆದುಕೊಳ್ಳುತ್ತೇನೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ. ಮೆದುಳಿನಲ್ಲೂ ಹೀಗೆಯೇ ಆಗುತ್ತಿರಬಹುದೇ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ವಸಡು ಮೆದುಳಿನ ಕಿಟಕಿಯಲ್ಲ. ಮೆತ್ತನೆಯ ಬ್ರಷ್ ತೆಗೆದುಕೊಳ್ಳಿ, ಹಲ್ಲಿನ ವೈದ್ಯರಿಗೆ ತೋರಿಸಿ. ಮಲ ಟಾರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ಮೂಗಿನ ರಕ್ತ ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ತಡಮಾಡದೆ ಹೋಗಿ. ನಿಮ್ಮಂಥವರ ಮೆದುಳನ್ನು ಕಾಯುವುದರಲ್ಲಿ ರಕ್ತದೊತ್ತಡದ ನಿಯಂತ್ರಣದ ಪಾತ್ರ ದೊಡ್ಡದು. ನಿಮ್ಮ ಪತ್ರದಲ್ಲಿ ಎಲ್ಲವೂ ಇದೆ, ಅದೊಂದು ಅಂಕಿ ಇಲ್ಲ. ಎರಡು ಮಾತ್ರೆಗಳನ್ನೂ ಇನ್ನೆಷ್ಟು ಕಾಲ ಎಂದು ನಿಮ್ಮ ಹೃದ್ರೋಗ ತಜ್ಞರನ್ನು ಕೇಳಿ. ಹಲವರಿಗೆ ಒಂದು ವರ್ಷದ ಬಳಿಕ ಒಂದೇ ಸಾಕಾಗುತ್ತದೆ.

ಪ್ರಶ್ನೆ: ಕುಂದಾಪುರದಲ್ಲಿರುವ ನನ್ನ ತಾಯಿಗೆ 76. ಹೃದಯ ಬಡಿತದ ತೊಂದರೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಪಿಕ್ಸಬಾನ್ ಎಂಬ ಹೊಸ ಮಾತ್ರೆ ಕೊಟ್ಟಿದ್ದಾರೆ. ಐ.ಎನ್.ಆರ್. ಪರೀಕ್ಷೆ ಬೇಡವಂತೆ. ಹಾಗಾದರೆ ರಕ್ತಸ್ರಾವದ ಭಯವೂ ಇಲ್ಲವೇ?
– ಬೆಂಗಳೂರಿನಿಂದ ಒಬ್ಬ ಮಗ

ಉತ್ತರ: ಭಯ ಕಡಿಮೆ, ಇಲ್ಲವೆಂದಲ್ಲ. ಈ ಹೊಸ ಮಾತ್ರೆಗಳಲ್ಲಿ ತಲೆಯೊಳಗಿನ ರಕ್ತಸ್ರಾವ ವಾರ್ಫರಿನ್‌ಗಿಂತ ಸುಮಾರು ಅರ್ಧದಷ್ಟು ಕಡಿಮೆ. ಮೇಲೆ ಬರೆದ ಲಕ್ಷಣಗಳೆಲ್ಲ ಅವರಿಗೂ ಅನ್ವಯಿಸುತ್ತವೆ. (ಲೋಹದ ಕವಾಟದವರು ಇದನ್ನು ಓದಿ ಹೊಸ ಮಾತ್ರೆಗೆ ಆಸೆಪಡಬೇಡಿ. ಡಾಬಿಗಟ್ರಾನ್ ಎಂಬ ಇದೇ ಬಗೆಯ ಮಾತ್ರೆಯನ್ನು ಅಂಥವರಲ್ಲಿ ಪರೀಕ್ಷಿಸಿದಾಗ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ ಅಧ್ಯಯನವನ್ನೇ ನಡುವೆ ನಿಲ್ಲಿಸಿದರು.)

ನೀವು ದೂರದಲ್ಲಿದ್ದೀರಿ, ಆದರೆ ದಿನಾ ಫೋನ್ ಮಾಡುತ್ತೀರಿ. ವಿಡಿಯೊ ಕರೆಯಲ್ಲಿ ಅಮ್ಮ ನಕ್ಕಾಗ ತುಟಿಯ ಎರಡೂ ಅಂಚು ಸಮನಾಗಿ ಏರುತ್ತವೆಯೇ, ಫೋನನ್ನು ಎಂದಿನ ಕೈಯಲ್ಲೇ ಹಿಡಿದಿದ್ದಾರೆಯೇ, ನಿನ್ನೆ ಹೇಳಿದ್ದನ್ನೇ ಇಂದು ಹೊಸದಾಗಿ ಹೇಳುತ್ತಿದ್ದಾರೆಯೇ ನೋಡಿ. ಎಲ್ಲಾದರೂ ಬಿದ್ದರೇ ಎಂದು ನೇರವಾಗಿ ಕೇಳಿದರೆ ಇಲ್ಲ ಎನ್ನುತ್ತಾರೆ, ಮಗ ಗಾಬರಿಯಾಗುತ್ತಾನೆಂದು. ಪಕ್ಕದ ಮನೆಯವರನ್ನೂ ಕೇಳಿ.

ಐ.ಎನ್.ಆರ್. ಬೇಡವಾದರೂ ಮೂತ್ರಪಿಂಡದ ಪರೀಕ್ಷೆ ಆಗಾಗ ಬೇಕು. ಮತ್ತೆ ಬರೆಯುವಾಗ ಅಮ್ಮನ ತೂಕ ಮತ್ತು ಆ ಪರೀಕ್ಷೆಯಲ್ಲಿ ಬರುವ ಕ್ರಿಯಾಟಿನಿನ್ ಅಂಕಿ ಎರಡನ್ನೂ ಬರೆಯಿರಿ. ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ಹೇಳಲು ನನಗೆ ಅವು ಬೇಕು.